ಎರಡನೇ ತುದಿಯ ಪೈಪು

ಇಲಿಯ ಉಚ್ಚೆ ವರ್ಷಗಟ್ಟಲೆ ಮರದೊಳಗೆ ಇಂಗಿ, ಒಣಗಿ, ಮಳೆಗೆ ನೆನೆದು, ಮತ್ತೆ ಒಣಗಿದರೆ ಎಂಥ ವಾಸನೆ ಬರುತ್ತದೆ ಎಂಬುದು ನನಗೆ ಗೊತ್ತು. ಮೂಗಿಗಿಂತ ಮೊದಲು ಅದು ಕಣ್ಣಿಗೆ ಬಡಿಯುತ್ತದೆ, ಆಮೇಲೆ ನಾಲಿಗೆಯ ಹಿಂಭಾಗಕ್ಕೆ ಹೋಗಿ ಕೂತುಬಿಡುತ್ತದೆ. ಅಲ್ಲಿಂದ ಅದು ಏಳುವುದು ಮಂಗಳವಾರದ ಹೊತ್ತಿಗೆ. ಶನಿವಾರ ಸಂಜೆ ನಾನು ಶಿಕಾಗೋ ಪಕ್ಕದ ಲಿಸ್ಲ್ ಊರಿನ ನಮ್ಮ ಮನೆಗೆ ಬಂದರೆ ಹೆಂಡತಿ ಗ್ಯಾರೇಜಿನ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದಳು. ಬಟ್ಟೆಯನ್ನೆಲ್ಲ ಅಲ್ಲೇ ಕಳಚಿ ಕಪ್ಪು ಚೀಲಕ್ಕೆ ಹಾಕಬೇಕು, ನೇರ ಬಚ್ಚಲಿಗೆ ಹೋಗಬೇಕು. ಹುಬ್ಬಳ್ಳಿಯವಳು, ಮುಚ್ಚಿಟ್ಟು ಮಾತಾಡುವ ಪೈಕಿಯಲ್ಲ. "ಪಗಾರ ಕೊಟ್ರೂ ಯಾರೂ ಮಾಡದ ಕೆಲಸಾನ ಬಿಟ್ಟಿ ಮಾಡಾಕ ಐವತ್ತು ಮೈಲಿ ಡ್ರೈವ್ ಮಾಡ್ತೀರಲ್ರಿ, ಏನ್ ಹೇಳ್ಬೇಕು ನಿಮಗ," ಎನ್ನುತ್ತ ಚೀಲದ ಬಾಯಿ ಬಿಗಿಯುತ್ತಿದ್ದಳು.

ಕೆಲಸ ಇದ್ದದ್ದು ಒಂದು ರೈಲ್ವೆ ಮ್ಯೂಸಿಯಂನಲ್ಲಿ. ಶಿಕಾಗೋದಿಂದ ಪಶ್ಚಿಮಕ್ಕೆ ಹೋಗುತ್ತ ಹೋಗುತ್ತ ಆಫೀಸುಗಳು ಮುಗಿದು ಮೆಕ್ಕೆಜೋಳದ ಹೊಲಗಳು ಶುರುವಾಗುವ ಕಡೆ ಅದು ಇದೆ. ಹಿಂದೆ ಊರಿನ ಬೀದಿಗಳಲ್ಲಿ ಓಡುತ್ತಿದ್ದ ಟ್ರಾಮುಗಳನ್ನು ಅಲ್ಲಿ ದುರಸ್ತಿ ಮಾಡಿ, ಒಂದು ಮೈಲಿ ಹಳಿಯ ಮೇಲೆ ಜನರನ್ನು ಕೂರಿಸಿಕೊಂಡು ಓಡಿಸುತ್ತಾರೆ. ಕೆಲಸ ಮಾಡುವವರೆಲ್ಲ ಸ್ವಯಂಸೇವಕರು. ಓಡಿಸುವ ಮಜಾಕ್ಕೇ ನಾನು ಸೇರಿದ್ದು, ಸುಳ್ಳು ಯಾಕೆ ಹೇಳಲಿ. ಟೋಪಿ ಹಾಕಿಕೊಂಡು, ಕಾಲಿನಿಂದ ಗಂಟೆ ಒತ್ತುತ್ತ, ಹಿತ್ತಾಳೆ ಹಿಡಿ ತಿರುಗಿಸುತ್ತ ನಿಂತರೆ ಐವತ್ತನಾಲ್ಕರ ಗಂಡಸೂ ಐದು ವರ್ಷದವನಾಗುತ್ತಾನೆ. ಆದರೆ ಆ ಜಾಗದಲ್ಲಿ ಒಂದು ಕಟ್ಟಳೆಯಿತ್ತು. ಓಡಿಸಬೇಕು ಎನ್ನುವವನು ದುರಸ್ತಿಯನ್ನೂ ಮಾಡಬೇಕು. ಹಾಗಾಗಿ ಮೂರನೇ ವರ್ಷ ನನ್ನ ಪಾಲಿಗೆ ಬಂದದ್ದು ಡೆಟ್ರಾಯಿಟ್ ಕಡೆಯ ಟ್ರಾಮ್.

ಅದನ್ನು ಹುಡುಕಿದವರು ಎಪ್ಪತ್ತೆಂಟು ವರ್ಷದ ಒಬ್ಬ ಹಿರಿಯರು. ಕಾರು ಕಾರ್ಖಾನೆಯೊಂದರಲ್ಲಿ ಅಚ್ಚು ಕೆತ್ತುವ ಕೆಲಸ ಮಾಡಿ ನಿವೃತ್ತರಾದವರು. ಮನಸ್ಸಿನಲ್ಲಿ ನಾನು ಅವರನ್ನು ಡೆಟ್ರಾಯಿಟ್ ಅಜ್ಜ ಎಂದೇ ಕರೆಯುತ್ತಿದ್ದೆ. ಅವರ ಊರ ಹೊರಗಿನ ಕೆರೆಯ ಪಕ್ಕ ಯಾರೋ ಈ ಟ್ರಾಮಿನ ಒಡಲನ್ನು ಚಕ್ರವಿಲ್ಲದೆ ನೆಲಕ್ಕಿಳಿಸಿ, ಅಡುಗೆಮನೆ ಮಾಡಿಕೊಂಡು, ಆಮೇಲೆ ಉಗ್ರಾಣ ಮಾಡಿಕೊಂಡು, ಕೊನೆಗೆ ಕೈಬಿಟ್ಟಿದ್ದರು. ಕೈಬಿಟ್ಟ ಮೇಲೆ ರಕೂನ್ ಎಂಬ ಕಾಡುಪ್ರಾಣಿಗಳು ಬಂದವು, ಅವುಗಳ ಹಿಂದೆಯೇ ಇಲಿಗಳು. ಅಜ್ಜ ಒಬ್ಬರೇ ಜ್ಯಾಕ್ ಕೊಟ್ಟು ಎತ್ತಿ, ಟ್ರೇಲರ್ ಮೇಲೆ ಹಾಕಿಸಿ, ಮಿಶಿಗನ್ ರಾಜ್ಯದಿಂದ ನಮ್ಮ ಇಲಿನಾಯ್‌ಗೆ ತಂದಿದ್ದರು. ಎರಡು ವಾರಕ್ಕೊಮ್ಮೆ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಯಾರ್ಡಿನಲ್ಲಿ ನಿಂತಿದ್ದ ಹಳೇ ರೈಲು ಡಬ್ಬಿಯಲ್ಲಿ ಮಲಗಿ, ಎರಡು ದಿನ ಕೆಲಸ ಮಾಡಿ ಹೋಗುತ್ತಿದ್ದರು. ಮಾತು ಕಡಿಮೆ. ಹೆಂಡತಿ ಹೋದ ಮೇಲೆ ತನಗಿರುವುದು ಇದೊಂದೇ ಎಂದು ಒಮ್ಮೆ ಕಾಫಿ ಕುಡಿಯುತ್ತ ಹೇಳಿದ್ದರು. ಹೇಳಿ, ನಾಚಿಕೊಂಡವರಂತೆ ಎದ್ದು ಹೋಗಿದ್ದರು.

ವರ್ಕ್‌ಶಾಪಿನ ಮುಖ್ಯಸ್ಥೆ ಅರವತ್ತು ದಾಟಿದ ಹೆಂಗಸು. ಮೊದಲು ನಗರದ ಬಸ್ಸು ರೈಲುಗಳ ರಿಪೇರಿ ಡಿಪೋದಲ್ಲಿದ್ದವರು. ಮನೆಯಲ್ಲಿ ನಾನು ಅವರಿಗೆ ಮೇಸ್ತ್ರಿಯಮ್ಮ ಎಂದು ಹೆಸರಿಟ್ಟಿದ್ದೆ. ದನಿ ಏರಿಸಿದ್ದನ್ನು ನಾನು ಯಾವತ್ತೂ ಕೇಳಿಲ್ಲ, ಏರಿಸುವ ಅಗತ್ಯವೂ ಅವರಿಗಿರಲಿಲ್ಲ.

ಆ ಟ್ರಾಮಿನ ಬ್ರೇಕು ಗಾಳಿಯದು. ಅಡಿಯಲ್ಲಿರುವ ತೊಟ್ಟಿಯಲ್ಲಿ ಗಾಳಿ ಒತ್ತಿ ತುಂಬಿರುತ್ತದೆ. ಚಾಲಕ ಹಿಡಿ ತಿರುಗಿಸಿದರೆ ಆ ಗಾಳಿ ವಾಲ್ವ್ ದಾಟಿ, ಪೈಪಿನಲ್ಲಿ ಹರಿದು, ಸಿಲಿಂಡರಿಗೆ ಹೋಗಿ ಅಲ್ಲಿನ ದಂಡವನ್ನು ದೂಡುತ್ತದೆ. ದಂಡ ದೂಡಿದರೆ ಬ್ರೇಕ್ ಶೂ ಎಂಬ ಕಬ್ಬಿಣದ ತುಂಡುಗಳು ಚಕ್ರವನ್ನು ಹಿಡಿಯುತ್ತವೆ. ಟ್ರಾಮಿಗೆ ಹಿಂದು ಮುಂದು ಎಂಬುದಿಲ್ಲ. ಎರಡೂ ತುದಿಯಿಂದ ಓಡಿಸಬಹುದು, ಚಾಲಕ ಹಿಡಿಯನ್ನು ಕಿತ್ತುಕೊಂಡು ಈ ತುದಿಯಿಂದ ಆ ತುದಿಗೆ ನಡೆದು ಹೋಗುತ್ತಾನೆ. ಅಂದರೆ ವಾಲ್ವೂ ಎರಡು, ಪೈಪೂ ಎರಡು. ವಾಲ್ವುಗಳನ್ನು ಅಜ್ಜ ತಮ್ಮ ಮನೆಗೆ ಒಯ್ದು ಉಜ್ಜಿ, ನಯಮಾಡಿ, ಗಾಳಿ ಸೋರದಂತೆ ಕೂರಿಸಿ ತರುವುದು ಎಂದಾಯಿತು. ಪೈಪುಗಳು ನನಗೆ.

ಮೇಸ್ತ್ರಿಯಮ್ಮನ ಪದ್ಧತಿ ಸರಳವಾದದ್ದು. ಪ್ರತಿ ಭಾಗಕ್ಕೂ ಒಂದು ಕಾರ್ಡು. ಕೆಲಸ ಮಾಡಿದವನೇ ಅದರ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಬರೆಯಬೇಕು, ಇನ್ನೊಬ್ಬ ಬರೆಯುವಂತಿಲ್ಲ. ಗಾಳಿ ಪೈಪಾದರೆ ಇನ್ನೊಂದು ಹೆಜ್ಜೆ: ಬಿಚ್ಚಿ, ಬ್ಲೀಚ್ ನೀರಲ್ಲಿ ನೆನೆಸಿ, ಉದ್ದಕ್ಕೂ ಮರದ ಸುತ್ತಿಗೆಯಿಂದ ಬಡಿದು, ತಂತಿ ಬ್ರಷ್ ಕಟ್ಟಿದ ಸಲಾಕೆಯನ್ನು ಈ ಬಾಯಿಂದ ಆ ಬಾಯಿಗೆ ತೂರಿಸಿ, ಕೊನೆಗೆ ಕಂಪ್ರೆಸರಿನ ಗಾಳಿ ಬಿಟ್ಟು ಆ ತುದಿಯಲ್ಲಿ ಬಿಳಿ ಬಟ್ಟೆ ಹಿಡಿಯಬೇಕು. ಬಟ್ಟೆಯ ಮೇಲೆ ಒಂದು ಚುಕ್ಕೆ ಬಿದ್ದರೂ ಮೊದಲಿನಿಂದ ಮತ್ತೆ. ಬೆಳ್ಳಗೆ ಉಳಿದ ಬಟ್ಟೆಯನ್ನು ಕಾರ್ಡಿಗೆ ಚುಚ್ಚಿ ಇಡಬೇಕು. ಅದೇ ಪುರಾವೆ.

ಈ ಪದ್ಧತಿ ನೋಡಿ ಎಲ್ಲರಿಗಿಂತ ಹೆಚ್ಚು ಮೆಚ್ಚಿದವನು ನಾನೇ. ನನ್ನ ಹೊಟ್ಟೆಪಾಡೇ ಅದು. ನಮ್ಮ ಕಂಪನಿಗೆ ಬಿಡಿಭಾಗ ಕಳಿಸುವವರ ದಾಖಲೆಗಳನ್ನು ಓದಿ, ಕೆಲಸ ಮಾಡದೆ ಸಹಿ ಹಾಕಿದವರನ್ನು ಹಿಡಿಯುವುದಕ್ಕೆ ನನಗೆ ಸಂಬಳ. ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಹತ್ತು ದಿನದ ಸಹಿ ಗೀಚಿದ್ದರೆ ನನಗೆ ದೂರದಿಂದಲೇ ಕಾಣುತ್ತದೆ.

ಅಕ್ಟೋಬರಿನ ಒಂದು ಶನಿವಾರ ಮೊದಲನೇ ತುದಿಯ ಪೈಪು ಮುಗಿಯಿತು. ಅದು ಹೊರಗಿನ ಗಾಳಿಗೆ ಮುಖ ಮಾಡಿದ್ದರಿಂದ ಬರೀ ತುಕ್ಕು. ನಾಲ್ಕು ಸಲ ಊದಿದೆ, ಬಟ್ಟೆ ಬೆಳ್ಳಗೆ ಬಂತು. ಹಳೇ ಹಾಸಿಗೆ ಹೊದಿಕೆಯಿಂದ ಹರಿದ ದೊಡ್ಡ ತುಂಡು ಅದು. ಅದನ್ನು ಬೆಂಚಿನ ಮೇಲಿಟ್ಟು ಎರಡನೇ ತುದಿಗೆ ಹೋದೆ.

ಎರಡನೇ ತುದಿಯ ಪೈಪು ಸೀಟಿನ ಅಡಿಯಿಂದ ಹಾದು, ಒಂದು ಕಡೆ ಮೊಣಕೈಯಂತೆ ಬಾಗಿ, ನೆಲದೊಳಕ್ಕೆ ಇಳಿದಿತ್ತು. ಸೀಟಿನೊಳಗೆ ತುಂಬಿದ್ದ ಕುದುರೆ ಕೂದಲನ್ನೆಲ್ಲ ಇಲಿಗಳು ಎಳೆದು ಸಂಸಾರ ಹೂಡಿದ್ದವು. ಬೋಲ್ಟ್ ಬಿಚ್ಚಿ ಪೈಪನ್ನು ಓರೆ ಮಾಡಿದೆ. ಕರೀ ಹಿಕ್ಕೆ ಸುರಿಯಿತು. ಒಂದು ಚಮಚ ಎರಡು ಚಮಚವಲ್ಲ, ಸುರಿಯುತ್ತಲೇ ಇತ್ತು. ಅದರ ಜೊತೆ ಒಣಗಿ ಚಕ್ಕೆಯಾದ ಒಂದು ಇಲಿಮರಿ ಜಾರಿ ಬಂದು ನನ್ನ ಗ್ಲೌಸಿಗೆ ಅಂಟಿತು. ಕೊಡವಿದರೂ ಬಿಡಲಿಲ್ಲ. ಮಾಸ್ಕ್ ಕಿತ್ತೊಗೆದು ಹೊರಗೋಡಿ ಕಾರಿಕೊಂಡೆ. ಬಾಯಿ ತೊಳೆದು, ಎರಡು ಜೊತೆ ಗ್ಲೌಸು ಹಾಕಿಕೊಂಡು ಬಂದು ಸಲಾಕೆ ತೂರಿಸಿದೆ. ಎರಡಡಿ ಒಳಗೆ ಹೋಗುವಷ್ಟರಲ್ಲಿ ಅದು ಯಾವುದಕ್ಕೋ ತಗುಲಿತು. ಗಟ್ಟಿಯಾದದ್ದಾಗಿದ್ದರೆ ದೂಡುತ್ತಿದ್ದೆನೋ ಏನೋ. ಅದು ಮೆತ್ತಗಿತ್ತು. ಸಲಾಕೆ ಹೊರಗೆಳೆದರೆ ತುದಿಯಲ್ಲಿ ಕೂದಲು, ಕೂದಲಿಗೆ ಅಂಟಿದ ಇನ್ನೇನೋ.

ಮಿಕ್ಕವರು ಊಟಕ್ಕೆ ಹೋಗಿದ್ದರು. ಅಜ್ಜ ಮಾತ್ರ ಶೆಡ್ಡಿನ ಆಚೆ ಕೊನೆಯಲ್ಲಿ ಬೆನ್ನು ತಿರುಗಿಸಿಕೊಂಡು ಏನನ್ನೋ ಉಜ್ಜುತ್ತಿದ್ದರು. ನಾನು ಪೈಪಿನ ಬಾಯಿಗೆ ಕಂಪ್ರೆಸರಿನ ಗಾಳಿ ಕೊಟ್ಟೆ. ಆ ತುದಿಯಿಂದ ಗಾಳಿ ಬಂತು. ಪೂರ್ತಿ ಅಲ್ಲ, ಆದರೂ ಬಂತು. ಬಂತಲ್ಲ, ಸಾಕು ಎಂದುಕೊಂಡೆ. ಗಾಳಿ ಹೋಗಲಿಕ್ಕೆ ತಾನೇ ಪೈಪು ಇರುವುದು.

ಆಮೇಲೆ ನನ್ನ ಕೈ ಮಾಡಿದ ಕೆಲಸ ಇದು. ಬೆಂಚಿನ ಮೇಲಿದ್ದ ಬಿಳಿ ಬಟ್ಟೆಯನ್ನು ಎತ್ತಿ ನಡುವೆ ಹರಿದೆ. ಅರ್ಧವನ್ನು ಮೊದಲನೇ ತುದಿಯ ಕಾರ್ಡಿಗೆ ಚುಚ್ಚಿದೆ, ಇನ್ನರ್ಧವನ್ನು ಎರಡನೇ ತುದಿಯ ಕಾರ್ಡಿಗೆ. ಎರಡರಲ್ಲೂ ಅಚ್ಚುಕಟ್ಟಾಗಿ ನನ್ನ ಅಕ್ಷರ ಬರೆದೆ.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಸೋಮಾರಿತನ ಅಲ್ಲ, ಆ ದಿನ ನಾನು ಬೆಳಗಿನ ಏಳರಿಂದ ದುಡಿದಿದ್ದೆ. ಮೈಸೂರಿನ ನಮ್ಮ ಮನೆಯಲ್ಲಿ ಹೊಲಸು ತೆಗೆಯುವುದು ಯಾವತ್ತೂ ಬೇರೆಯವರ ಕೆಲಸ. ಮೋರಿ ಕಟ್ಟಿದರೆ ಹಿತ್ತಲ ಗಲ್ಲಿಯಿಂದ ಒಬ್ಬ ಬರುತ್ತಿದ್ದ. ಅವನು ಕೈ ಹಾಕಿ ತೆಗೆಯುತ್ತಿದ್ದ, ನಮ್ಮಮ್ಮ ಎತ್ತರದಿಂದ ನೀರು ಸುರಿಯುತ್ತಿದ್ದಳು, ನಾವು ಮಕ್ಕಳು ಮೂಗು ಮುಚ್ಚಿಕೊಂಡು ಒಳಗೆ ಓಡುತ್ತಿದ್ದೆವು. ಅವನ ಹೆಸರೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊಲಸು ಎದುರಿಗೆ ಬಂದರೆ ಯಾರೋ ಬರುತ್ತಾರೆ ಎಂದು ಕಾಯುವುದು ನನ್ನ ಮೈಯಲ್ಲೇ ಇದೆ. ಆ ಶನಿವಾರ ಯಾರೂ ಬರಲಿಲ್ಲ, ನಾನು ಬಟ್ಟೆ ಹರಿದೆ.

ಅದಾಗಿ ಕೆಲವೇ ವಾರಕ್ಕೆ ಪಕ್ಕದೂರು ಬೋಲಿಂಗ್‌ಬ್ರೂಕ್‌ನ ಸ್ನೇಹಿತರ ಮನೆಯಲ್ಲಿ ದೀಪಾವಳಿ ಊಟ. ಹೋಳಿಗೆ ತಿನ್ನುತ್ತ ನಾನು ಬಿಳಿ ಬಟ್ಟೆಯ ಪದ್ಧತಿಯನ್ನು ಎಲ್ಲರಿಗೂ ವಿವರಿಸಿದೆ. ನೋಡಿ, ಇವರ ಶಿಸ್ತು ನಮ್ಮಲ್ಲಿ ಬರೋದಿಲ್ಲ ಎಂದೆಲ್ಲ ಭಾಷಣ ಬಿಗಿದೆ. ಆತಿಥೇಯರ ಮಗಳು, ಕಾಲೇಜಿನಲ್ಲಿ ಓದುವವಳು, "ದಟ್ಸ್ ಆಕ್ಚುಲಿ ಕೂಲ್, ಅಂಕಲ್," ಎಂದಳು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಆ ಹೊತ್ತಿನ ನನ್ನನ್ನು ನೆನೆದರೆ ಆ ಇಲಿಮರಿಗಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಚಳಿಗಾಲವೆಲ್ಲ ಜೋಡಣೆಯಲ್ಲಿ ಹೋಯಿತು. ಶೆಡ್ಡಿಗೆ ಹೀಟರ್ ಎಂದರೆ ಒಂದು ಗ್ಯಾಸಿನ ಕೊಳವೆ. ಒಳಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಊರ ಲೆಕ್ಕದಲ್ಲಿ ಬರೀ ಮೂರು ಡಿಗ್ರಿ, ಇದ್ದರೆ ಬೆಚ್ಚಗಿದೆ ಎನ್ನುತ್ತಿದ್ದೆವು. ಬೇರೆಡೆಯಿಂದ ತಂದ ಚಕ್ರಗಳ ಮೇಲೆ ಒಡಲನ್ನು ಕೂರಿಸುವಾಗ ಅರ್ಧ ಇಂಚು ತಪ್ಪಿ ಮತ್ತೆ ಎತ್ತಬೇಕಾಯಿತು. ಚಾವಣಿಗೆ ಹೊದಿಸಿದ ಕ್ಯಾನ್ವಾಸ್ ಸುಕ್ಕುಗಟ್ಟಿತು, ಕಿತ್ತು ಹೊಸದು ಹಾಕಿದೆವು. ಅಜ್ಜ ವಾಲ್ವುಗಳನ್ನು ಹಳೇ ಟವೆಲಿನಲ್ಲಿ ಸುತ್ತಿ ತಂದರು, ಹಸುಗೂಸನ್ನು ಬಿಚ್ಚುವ ಹಾಗೆ ಬಿಚ್ಚಿ ತೋರಿಸಿದರು. ಮುಖ ನೋಡಿಕೊಳ್ಳಬಹುದಾದಷ್ಟು ನುಣುಪು. ನನ್ನ ಪೈಪುಗಳಿಗೆ ಅವನ್ನು ಕೂರಿಸಿದ್ದು ಅವರೇ. ಕೂರಿಸುವ ಮುಂಚೆ ಕಾರ್ಡು ನೋಡಿದರು, ಬಟ್ಟೆ ನೋಡಿದರು, ತಲೆಯಾಡಿಸಿದರು.

ಏಪ್ರಿಲಿನಲ್ಲಿ ಪರೀಕ್ಷಾ ಓಟ. ನಾನೇ ಚಾಲಕ, ಪಕ್ಕದಲ್ಲಿ ಮೇಸ್ತ್ರಿಯಮ್ಮ, ನೆಲದ ಮೇಲೆ ಅಜ್ಜ. ಮೊದಲನೇ ತುದಿಯಿಂದ ಆರು ಸಲ ಹೋಗಿ ಬಂದೆವು, ಬ್ರೇಕು ಬೆಣ್ಣೆಯ ಹಾಗೆ ಹಿಡಿಯಿತು. ಹಿಡಿ ಕಿತ್ತುಕೊಂಡು ಎರಡನೇ ತುದಿಗೆ ಹೋದೆ. ನಿಂತಲ್ಲೇ ಬ್ರೇಕ್ ಹಾಕಿ ನೋಡಿದೆವು. ಅಜ್ಜ ಅಡಿಯಲ್ಲಿ ಬಗ್ಗಿ ನೋಡಿ, ಹಿಡಿದಿದೆ, ಬಿಟ್ಟಿದೆ ಎಂದು ಕೈ ಸನ್ನೆ ಮಾಡಿದರು. ಎರಡು ಓಟ ಸರಿಯಾಗಿಯೇ ಆಯಿತು. ಮೂರನೆಯದಕ್ಕೆ ಶೆಡ್ಡಿನ ಕಡೆ ಬರುತ್ತಿದ್ದೆವು. ಗಂಟೆಗೆ ಎಂಟು ಮೈಲಿ ವೇಗ ಇದ್ದಿರಬಹುದು. ಮುಂದೆ ಅಜ್ಜ ನಮಗೆ ಬೆನ್ನು ಮಾಡಿ, ಹಳಿ ಬದಲಿಸುವ ಜಾಗದಲ್ಲಿ ಬಗ್ಗಿ ಕಲ್ಲು ತೆಗೆಯುತ್ತಿದ್ದರು.

ನಾನು ಬ್ರೇಕ್ ಹಿಡಿ ತಿರುಗಿಸಿದೆ. ಗೇಜಿನಲ್ಲಿ ಎರಡು ಮುಳ್ಳು, ಕೆಂಪು ತೊಟ್ಟಿಯದು, ಕಪ್ಪು ಬ್ರೇಕಿನದು. ಕಪ್ಪು ಮುಳ್ಳು ಏಳಲಿಲ್ಲ. ಹಿಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಕಪ್ಪು ಮುಳ್ಳು ಒಂಚೂರು ನಡುಗಿ ಅಲ್ಲೇ ಕೂತಿತು. ಅದು ಏನು ಎಂದು ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ಗೊತ್ತಾದರೂ ಹಿಡಿಯನ್ನೇ ಒತ್ತಿ ಹಿಡಿದು ನಿಂತೆ. ಮೇಸ್ತ್ರಿಯಮ್ಮ ನನ್ನನ್ನು ಭುಜದಿಂದ ತಳ್ಳಿ ಕೈ ಬ್ರೇಕಿನ ಚಕ್ರ ಸುತ್ತತೊಡಗಿದರು, ಕಾಲಿನಿಂದ ಗಂಟೆ ಒತ್ತಿದರು. ಅಜ್ಜನ ಕಿವಿ ಅಷ್ಟಕ್ಕಷ್ಟೆ. ಮೂರನೇ ಸಲದ ಗಂಟೆಗೆ ತಿರುಗಿದರು, ಹಾರಿದರು, ಜಲ್ಲಿಯ ಮೇಲೆ ಬಲಗೈ ಊರಿ ಬಿದ್ದರು. ಟ್ರಾಮ್ ನಿಂತದ್ದು ಅವರು ಬಗ್ಗಿದ್ದ ಜಾಗವನ್ನು ಪೂರ್ತಿ ದಾಟಿದ ಮೇಲೆ.

ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಅವರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲ ನೋಡುತ್ತ ಕೂತಿದ್ದರು. ಓಡಿಸುತ್ತಿದ್ದವನು ನಾನು. ಆಗಲೂ ಹೇಳಲಿಲ್ಲ.

ಮೇಸ್ತ್ರಿಯಮ್ಮ ಟ್ರಾಮಿಗೆ ಕೆಂಪು ಚೀಟಿ ಕಟ್ಟಿ, ತನಿಖೆಯಾಗುವವರೆಗೆ ಯಾರೂ ಒಂದು ಬೋಲ್ಟೂ ಮುಟ್ಟಬಾರದು ಎಂದರು. ತನಿಖೆಗೆ ಮೂವರ ಸಮಿತಿ. ಅವರು ಮಾಡಿದ್ದು ಎಲ್ಲ ಕಡೆ ಮಾಡುವಂಥದ್ದೇ, ಮೊದಲು ಕಾಗದ ನೋಡಿದರು. ಪೈಪಿಗೆ ಕಾರ್ಡಿದೆ, ಸಹಿಯಿದೆ, ಬಿಳಿ ಬಟ್ಟೆಯಿದೆ. ಸಹಿ ಹಾಕಿದವನು ಗುಣಮಟ್ಟ ನೋಡುವ ಉದ್ಯೋಗದವನು. ಹಾಗಾದರೆ ಪೈಪಲ್ಲ. ಉಳಿದದ್ದು ವಾಲ್ವು. ಅದನ್ನು ಮಾಡಿದವರಿಗೆ ಎಪ್ಪತ್ತೆಂಟು ವರ್ಷ, ಕೈ ಸ್ವಲ್ಪ ನಡುಗುತ್ತದೆ, ಕಿವಿ ಮಂದ, ಚಲಿಸುವ ಟ್ರಾಮಿಗೆ ಬೆನ್ನು ಹಾಕಿ ನಿಂತಿದ್ದರು. ಬುಧವಾರ ಎಲ್ಲರಿಗೂ ಇಮೇಲ್ ಬಂತು. ಆ ಹಿರಿಯ ಸದಸ್ಯರು ಇನ್ನು ಮುಂದೆ ವರ್ಕ್‌ಶಾಪಿನಲ್ಲೂ ಹಳಿಯ ಮೇಲೂ ಕೆಲಸ ಮಾಡುವಂತಿಲ್ಲ, ಬೇಕಾದರೆ ಗೇಟಿನ ಹತ್ತಿರ ಬಂದವರಿಗೆ ಮಾಹಿತಿ ಕೊಡುತ್ತ ಕೂರಬಹುದು ಎಂಬ ಸಲಹೆಯ ಬಗ್ಗೆ ಶನಿವಾರ ತೀರ್ಮಾನ ಮಾಡುತ್ತೇವೆ ಎಂದಿತ್ತು.

ಆ ಇಮೇಲ್ ಓದಿದ್ದು ಆಫೀಸಿನಲ್ಲಿ. ನನ್ನ ಮುಂದೆ ಒಂದು ದಾಖಲೆ ತೆರೆದಿತ್ತು, ಯಾವನೋ ತಾಪಮಾನ ಅಳೆಯದೆಯೇ ಬರೆದಿದ್ದ. ತಿರಸ್ಕರಿಸಿ ಎಂದು ಬರೆಯಬೇಕಿತ್ತು, ಕೈ ಬರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಪಕ್ಕದ ಟೇಬಲಿನವನು ಹುಷಾರಿಲ್ಲವೇ ಎಂದು ಕೇಳಿದರೆ ಬೆಚ್ಚಿಬಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರ ಮಾತೂ ನನಗೇ ಹೇಳಿದ್ದು ಅನಿಸುತ್ತಿತ್ತು.

ಸುಮ್ಮನಿದ್ದರೆ ಏನಾಗುತ್ತದೆ ಎಂಬ ಲೆಕ್ಕವನ್ನೂ ಹಾಕಿದೆ, ಅದನ್ನೂ ಬರೆದುಬಿಡುತ್ತೇನೆ. ಅವರಿಗೆ ಹೇಗೂ ವಯಸ್ಸಾಗಿದೆ. ಇವತ್ತಲ್ಲ ನಾಳೆ ಬಿಡಲೇಬೇಕು. ಪೈಪನ್ನು ಸದ್ದಿಲ್ಲದೆ ಯಾವಾಗಲಾದರೂ ಸ್ವಚ್ಛ ಮಾಡಿಬಿಟ್ಟರೆ ಟ್ರಾಮಿಗೂ ಒಳ್ಳೆಯದು. ಇಷ್ಟೆಲ್ಲ ನನ್ನ ತಲೆ, ನನ್ನ ತಲೆಯೇ, ಯೋಚಿಸಿತು. ಗುರುವಾರ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು.

"ಬಟ್ಟಿ ಹರದು ಹಚ್ಚಿದ್ರಿ?" ಎಂದಳು.

ಹೌದೆಂದೆ.

"ಇಲಿ ಹೊಲಸು ಮುಟ್ಟಾಕ ಆಗಲಿಲ್ಲ ನಿಮಗ. ಇದನ್ನ ಇಷ್ಟ್ ದಿನಾ ಹೆಂಗ್ ಹೊಟ್ಟ್ಯಾಗ ಇಟ್ಕೊಂಡ್ರಿ?"

ಅವಳು ಊಟ ಮುಗಿಸಿ ಎದ್ದು ಹೋದಳು.

ಶನಿವಾರ ಅಜ್ಜ ನನಗಿಂತ ಮುಂಚೆ ಬಂದಿದ್ದರು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್, ಐದು ಗಂಟೆ ಎಡಗೈಯಲ್ಲಿ ಡ್ರೈವ್ ಮಾಡಿದ್ದರು. ಬಗಲಲ್ಲಿ ವಾಲ್ವಿನ ನಕ್ಷೆಗಳ ಸುರುಳಿ. ಸಮಿತಿಗೆ ತೋರಿಸಲು ತಂದಿದ್ದರು. ಬಾಗಿಲ ಬಳಿ ನನ್ನನ್ನು ತಡೆದು ಪಕ್ಕಕ್ಕೆ ಕರೆದರು. ಅಲ್ಲಿ ನಡೆದ ಮಾತೆಲ್ಲ ಇಂಗ್ಲಿಷಿನದು, ನನ್ನೊಳಗೆ ಉಳಿದಿರುವುದು ಹೀಗೆ:

"ನಕ್ಷೆ ಎಲ್ಲಾ ನಾಲ್ಕು ಸಲ ನೋಡ್ದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಆದ್ರೆ ನನ್ನ ವಾಲ್ವಿಂದ ನಿನ್ನ ಕೈಲಿ ಒಬ್ಬ ಮನುಷ್ಯ ಸಾಯೋದರಲ್ಲಿದ್ದ. ಅದನ್ನ ನೀನು ಜನ್ಮವಿಡೀ ಹೊತ್ಕೋಬೇಕಿತ್ತು. ನನ್ನ ಕ್ಷಮಿಸು."

ಸಾಯುವವರಿದ್ದದ್ದು ಅವರು. ಕ್ಷಮೆ ಕೇಳುತ್ತಿದ್ದವರೂ ಅವರೇ. ಅವರ ಎಡಗೈ ನನ್ನ ತೋಳಿನ ಮೇಲಿತ್ತು. ಅದನ್ನು ತೆಗೆಯಿರಿ ಎನ್ನಬೇಕು ಅನಿಸಿತು, ಅನ್ನಲಿಲ್ಲ.

ಬೆಂಚಿನ ಸುತ್ತ ಎಂಟು ಹತ್ತು ಜನ ನಿಂತರು. ಮೇಸ್ತ್ರಿಯಮ್ಮ ಸಮಿತಿಯ ಸಲಹೆಯನ್ನು ಓದಿದರು. ಅದನ್ನು ತೀರ್ಮಾನವೆಂದು ಬರೆದುಕೊಳ್ಳುವ ಮುಂಚೆ ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದರು. ಅಜ್ಜ ಎಡಗೈಯಲ್ಲಿ ನಕ್ಷೆಯ ಸುರುಳಿ ಬಿಚ್ಚಲು ಹೋದರು, ಒಂದೇ ಕೈಯಲ್ಲಿ ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಪಕ್ಕದಲ್ಲಿದ್ದವರೊಬ್ಬರು ಅಂಚು ಹಿಡಿಯಲು ಬಗ್ಗಿದರು.

"ವಾಲ್ವಲ್ಲ," ಎಂದೆ ನಾನು. "ಎರಡನೇ ತುದಿಯ ಪೈಪನ್ನ ನಾನು ಸ್ವಚ್ಛ ಮಾಡ್ಲಿಲ್ಲ. ಸುಳ್ಳು ಸಹಿ ಹಾಕ್ದೆ."

ಮೇಸ್ತ್ರಿಯಮ್ಮ ಫೈಲಿನಿಂದ ಎರಡು ಕಾರ್ಡು ತೆಗೆದರು, ಪಿನ್ನು ಕಿತ್ತರು, ಎರಡು ಬಟ್ಟೆ ತುಂಡುಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು ಬೆರಳಿನಿಂದ ಸರಿಸಿದರು. ಹರಿದ ಅಂಚುಗಳು ಹಲ್ಲಿಗೆ ಹಲ್ಲು ಕೂತವು. ಇಷ್ಟು ಸುಲಭವಾಗಿ ಕಾಣುವ ಕಳ್ಳತನವನ್ನು ಆರು ತಿಂಗಳು ಯಾರೂ ನೋಡಲಿಲ್ಲ ಎಂದರೆ ನನ್ನನ್ನು ಯಾರೂ ಅನುಮಾನಿಸಿರಲಿಲ್ಲ ಎಂದಷ್ಟೇ ಅರ್ಥ. ಮೇಸ್ತ್ರಿಯಮ್ಮ ಸ್ಪ್ಯಾನರನ್ನು ನನ್ನ ಕಡೆ ದೂಡಿ, ಬಿಚ್ಚು ಎಂದರು.

ಬಿಚ್ಚಿದೆ. ಬ್ಲೀಚ್ ನೀರು ಸಿಂಪಡಿಸಿ, ಮಾಸ್ಕ್ ಹಾಕಿಕೊಂಡು, ಪೈಪನ್ನು ಎಲ್ಲರ ನಡುವೆ ಬೆಂಚಿನ ಮೇಲಿಟ್ಟೆ. ಬಾಗಿನ ಹತ್ತಿರ ಸಲಾಕೆ ಮತ್ತೆ ಆ ಮೆತ್ತಗಿನದಕ್ಕೆ ತಗುಲಿತು. ಗಾಳಿಯ ಹೊಡೆತಕ್ಕೆ ಸರಿದು ಸರಿದು ಅದು ಬಾಗಿನಲ್ಲಿ ಬಿರಡೆಯಾಗಿ ಕೂತಿತ್ತು. ದೂಡಿದರೆ ಬರಲಿಲ್ಲ. ತಂತಿ ಕೊಕ್ಕೆಯಲ್ಲಿ ಎಳೆದರೂ ಬರಲಿಲ್ಲ. ಕೊನೆಗೆ ಬೆರಳು ಹಾಕಿ ತೆಗೆದೆ. ಕುದುರೆ ಕೂದಲು, ಸೂರ್ಯಕಾಂತಿ ಸಿಪ್ಪೆ, ಹಿಕ್ಕೆಯ ಗಟ್ಟಿ ಉಂಡೆ, ಅದರೊಳಗೆ ಸಾಲಾಗಿ ಮಲಗಿದ ನಾಲ್ಕು ಒಣ ಮರಿಗಳು. ಎಲ್ಲ ಸೇರಿ ಒಂದು ಮುಷ್ಟಿ. ವಾಸನೆಗೆ ಇಬ್ಬರು ಹಿಂದೆ ಸರಿದರು. ನನಗೆ ಈ ಸಲ ವಾಂತಿ ಬರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ನಿಂತೆ, ಎಲ್ಲಿ ಇಡಬೇಕೆಂದು ತಿಳಿಯದೆ.

ಅಜ್ಜ ಹತ್ತಿರ ಬಂದು ನನ್ನ ಅಂಗೈಯನ್ನು ನೋಡಿದರು.

"ಯಾವತ್ತು?" ಎಂದರು.

ಅಕ್ಟೋಬರಿನ ಆ ಶನಿವಾರ, ಊಟದ ಹೊತ್ತು ಎಂದೆ.

"ಅವತ್ತು ನಾನು ಇಲ್ಲೇ ಇದ್ದೆನಲ್ಲ. ಕರೆದಿದ್ರೆ ನಾನು ತೆಗೀತಿದ್ದೆ. ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿನಗೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕರೆದಿದ್ದರೆ ಅವರು ನಿಜವಾಗಿಯೂ ಬರುತ್ತಿದ್ದರು, ಕೈ ಹಾಕುತ್ತಿದ್ದರು, ನಾನು ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಆ ಗಲ್ಲಿಯವನು ಬಂದು ತೆಗೆಯುತ್ತಿದ್ದನಲ್ಲ, ಹಾಗೆಯೇ. ಎರಡು ದಾರಿಯಲ್ಲೂ ನಾನು ನಾನೇ ಆಗಿದ್ದೆ. ಅವರು ನಕ್ಷೆಗಳನ್ನು ಸುತ್ತಿ ಬಗಲಿಗಿಟ್ಟುಕೊಂಡು ತಮ್ಮ ಟ್ರಕ್ಕಿನ ಕಡೆ ಹೋದರು.

ಅಜ್ಜನ ಮೇಲಿನ ಸಲಹೆಯನ್ನು ಸಮಿತಿ ಅಲ್ಲೇ ಹರಿದು ಹಾಕಿತು. ನನ್ನನ್ನು ಓಡಿಸಿಬಿಡುತ್ತಾರೆ ಎಂದುಕೊಂಡಿದ್ದೆ, ಅದೂ ಒಂದು ಬಿಡುಗಡೆಯಾಗುತ್ತಿತ್ತು. ಮೇಸ್ತ್ರಿಯಮ್ಮ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಎರಡು ವರ್ಷ ಚಾಲಕನ ಜಾಗಕ್ಕೆ ಕಾಲಿಡುವಂತಿಲ್ಲ. ಮೂರು ವರ್ಷದಲ್ಲಿ ಯಾವ್ಯಾವ ಕಾರ್ಡಿನ ಮೇಲೆ ನನ್ನ ಅಕ್ಷರವಿದೆಯೋ ಅಷ್ಟನ್ನೂ ಮತ್ತೆ ಬಿಚ್ಚಿ, ಮತ್ತೆ ಮಾಡಬೇಕು. ಪಕ್ಕದಲ್ಲಿ ಒಬ್ಬರು ನಿಂತು ನೋಡಬೇಕು, ಸಹಿ ಅವರದು. ಇದೊಂದೇ ಸುಳ್ಳು, ಉಳಿದದ್ದೆಲ್ಲ ನಿಜವಾಗಿ ಮಾಡಿದ್ದೇನೆ ಎಂದೆ. ಇರಬಹುದು, ಆದರೆ ಅದನ್ನು ತಿಳಿಯಲು ನನಗೆ ಬೇರೆ ದಾರಿ ಇಲ್ಲ ಎಂದರು.

ಬೇಸಿಗೆಯೆಲ್ಲ ಬಿಚ್ಚಿದೆ. ನಾನು ಸರಿಯಾಗಿ ಮಾಡಿದ್ದ ಬೋಲ್ಟುಗಳನ್ನೇ ಬಿಚ್ಚಿದೆ, ಒರೆಸಿದೆ, ಮತ್ತೆ ಬಿಗಿದೆ. ಶೆಡ್ಡಿನೊಳಗೆ ಅದೇ ಫ್ಯಾರನ್‌ಹೀಟಿನ ತೊಂಬತ್ತೈದು ಡಿಗ್ರಿ, ಮಾಸ್ಕಿನೊಳಗೆ ಬೆವರು, ಬೆವರಿನೊಳಗೆ ಅದೇ ವಾಸನೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಯಾರಾದರೊಬ್ಬರು ನನ್ನ ಕೈಯನ್ನೇ ನೋಡುತ್ತ ಕೂತಿರುತ್ತಿದ್ದರು. ಕೆಲವರು ಫೋನ್ ನೋಡುತ್ತಿದ್ದರು, ಅದೇ ಎಷ್ಟೋ ಸಮಾಧಾನ. ಅಜ್ಜ ಎರಡು ವಾರಕ್ಕೊಮ್ಮೆ ಬರುತ್ತಿದ್ದರು. ಸಿಕ್ಕರೆ ಹಲೋ ಎನ್ನುತ್ತಿದ್ದರು. ಆ ಕುರ್ಚಿಯಲ್ಲಿ ಅವರು ಒಮ್ಮೆಯೂ ಕೂರಲಿಲ್ಲ.

ಟ್ರಾಮ್ ಜನರನ್ನು ಹೊತ್ತು ಮೊದಲ ಸಲ ಹೊರಟದ್ದು ಸೆಪ್ಟೆಂಬರಿನ ಕೊನೆಗೆ. ಚಾಲಕ ಅಜ್ಜ. ಪ್ಲಾಸ್ಟರ್ ಬಿಚ್ಚಿದ್ದರೂ ಬಲ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ, ಹಿಡಿಯನ್ನು ಎಡಗೈಯಿಂದ ಕೂರಿಸಿದರು. ಆ ದಿನ ಜನ ಕಡಿಮೆ ಇದ್ದುದರಿಂದ ನೆಲದ ಮೇಲಿನ 'ಕೈ' ನಾನೇ ಆಗಬೇಕಾಯಿತು. ಅಂದರೆ ಅಡಿಯಲ್ಲಿ ಬಗ್ಗಿ, ಬ್ರೇಕು ಹಿಡಿದದ್ದನ್ನೂ ಬಿಟ್ಟದ್ದನ್ನೂ ಕಣ್ಣಾರೆ ಕಂಡು, ಎದ್ದು ನಿಂತು ಬಲಗೈ ಎತ್ತಬೇಕು. ಕೈ ಕಂಡರೆ ಚಾಲಕ ಎರಡು ಸಲ ಗಂಟೆ ಬಾರಿಸಿ ಹೊರಡುತ್ತಾನೆ.

ಹೊರಡಬೇಕಿದ್ದದ್ದು ಎರಡನೇ ತುದಿಯಿಂದ. ನಾನು ಮಂಡಿಯೂರಿ ಬಗ್ಗಿದೆ. ಎಂಟು ಬ್ರೇಕ್ ಶೂಗಳನ್ನೂ ಒಂದೊಂದಾಗಿ ನೋಡಿದೆ, ಹಿಡಿದಾಗೊಮ್ಮೆ, ಬಿಟ್ಟಾಗೊಮ್ಮೆ. ಎದ್ದು, ಅವರಿಗೆ ಕಾಣುವಲ್ಲಿ ನಿಂತು, ಕೈ ಎತ್ತಿದೆ.

ಅಜ್ಜ ಕಿಟಕಿಯಿಂದ ನನ್ನನ್ನು ನೋಡಿದರು. ಗಂಟೆ ಬಾರಿಸಲಿಲ್ಲ. ಅವರು ಕೈ ಬ್ರೇಕು ಬಿಗಿದು, ಹಿಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ನನ್ನ ಪಕ್ಕದಿಂದಲೇ ಹಾದು ಹೋದರು. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, ಟಾರ್ಚ್ ಹಾಕಿ, ಈ ಕಡೆಯ ನಾಲ್ಕನ್ನು ನೋಡಿದರು. ಸುತ್ತಿ ಬಂದು ಆ ಕಡೆಯ ನಾಲ್ಕನ್ನು ನೋಡಿದರು. ಕಿಟಕಿಗಳಲ್ಲಿ ಮಕ್ಕಳು ಮೂಗು ಒತ್ತಿ ನೋಡುತ್ತಿದ್ದರು, ಯಾಕೆ ಹೊರಡುತ್ತಿಲ್ಲ ಎಂದು ಯಾರೋ ಕೇಳಿದರು. ಅಜ್ಜನಿಗೆ ಅವಸರವಿರಲಿಲ್ಲ. ಮತ್ತೆ ಹತ್ತಿದರು, ಹಿಡಿ ಕೂರಿಸಿದರು, ನನ್ನ ಕಡೆ ನೋಡದೆ ಎರಡು ಸಲ ಗಂಟೆ ಬಾರಿಸಿದರು.

ಕೈ ಇಳಿಸಬಹುದು ಎಂದು ನನಗೆ ಹೊಳೆಯುವಷ್ಟರಲ್ಲಿ ಟ್ರಾಮ್ ನನ್ನನ್ನು ದಾಟಿ ಹೋಗಿತ್ತು.